ಮೈದಾನ ಕೊಡುವ ಮುನ್ನ ಮಕ್ಕಳ ಬಗ್ಗೆ ಕೇಳಿ

ಧಾರವಾಡ ಜಿಲ್ಲಾಧಿಕಾರಿಗಳಿಗೆ, ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಪಾಲಿಕೆ ಆಯುಕ್ತರಿಗೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳಿಗೆ, ಹಾಗೂ ನಮ್ಮ ಭಾಗದಲ್ಲಿ ಮಕ್ಕಳ ಫುಟ್ಬಾಲ್ ನಡೆಸುವ ಎಲ್ಲ ಸಂಘಟಕರಿಗೆ, ಕೋಚ್‌ಗಳಿಗೆ

ಮಾನ್ಯರೇ, ನಮಸ್ಕಾರ.

ಮಕ್ಕಳ ಟೂರ್ನಿಗೆ, ಬೇಸಿಗೆ ಕ್ಯಾಂಪಿಗೆ, ಕೋಚಿಂಗ್ ಅಕಾಡೆಮಿಗೆ ಸರ್ಕಾರಿ ಮೈದಾನ ಬೇಕೆಂದರೆ ನಿಮ್ಮ ಕಚೇರಿಗೇ ಅರ್ಜಿ ಬರುತ್ತದೆ. ಆಗ ನೀವು ಬಾಡಿಗೆ ಕೇಳುತ್ತೀರಿ, ಡಿಪಾಸಿಟ್ ಕೇಳುತ್ತೀರಿ. ಪೆಂಡಾಲ್ ಎಲ್ಲಿ ಹಾಕುತ್ತೀರಿ, ಮೈಕ್ ಎಷ್ಟು ಹೊತ್ತಿನ ತನಕ ಅಂತ ಕೇಳುತ್ತೀರಿ. ಇನ್ನು ಮೇಲೆ ಮಕ್ಕಳ ಬಗ್ಗೆಯೂ ಕೇಳಿ. ಕಲಿಸುವವರು ಯಾರು, ಅವರ ಪೊಲೀಸ್ ಪರಿಶೀಲನೆ ಆಗಿದೆಯಾ, ಮಗುವಿಗೆ ಏನಾದರೂ ಆದರೆ ಅದು ಯಾರ ಹತ್ತಿರ ಹೇಳಬೇಕು. ಇದಕ್ಕೆ ಸರಿಯಾದ ಉತ್ತರ ಇಲ್ಲದವರಿಗೆ ಮೈದಾನ ಕೊಡಬೇಡಿ. ಈ ಪತ್ರ ಬರೆಯುತ್ತಿರುವುದು ಇದೊಂದು ಮಾತಿಗಾಗಿ.

ನನ್ನ ಇಬ್ಬರು ಮಕ್ಕಳು ಫುಟ್ಬಾಲ್ ಆಡುತ್ತಾರೆ. ದೊಡ್ಡವಳು ಹೈಸ್ಕೂಲು, ಸಣ್ಣವನು ಇನ್ನೂ ಪ್ರೈಮರಿ. ಸಂಜೆ ಅವರ ಬ್ಯಾಗು, ನೀರಿನ ಬಾಟಲಿ ಕಾಯುತ್ತ ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ. ಈ ಆಟ ನಮ್ಮ ಮಕ್ಕಳಿಗೆ ಏನು ಕೊಟ್ಟಿದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡದ ನನ್ನ ಮಗಳು ಈಗ ಹಿಂದಿನಿಂದ ನಿಂತು ಇಡೀ ತಂಡಕ್ಕೆ ಕೂಗಿ ಹೇಳುತ್ತಾಳೆ. ಕುಂದಗೋಳದಿಂದ, ಅಣ್ಣಿಗೇರಿಯಿಂದ ಬಸ್ಸು ಹಿಡಿದು ಬಂದು ಬರಿಗಾಲಲ್ಲಿ ಆಡಿ ಹೋಗುವ ಹುಡುಗರಿದ್ದಾರೆ. ಅವರ ಹತ್ತಿರ ಫೀ ತೆಗೆದುಕೊಳ್ಳದೆ, ತಮ್ಮ ಕೈಯಿಂದಲೇ ಬೂಟು ಕೊಡಿಸುವ ಕೋಚ್‌ಗಳನ್ನೂ ನಾನು ಬಲ್ಲೆ. ಈ ಪತ್ರ ಅವರ ವಿರುದ್ಧ ಅಲ್ಲ. ಅಂಥವರು ನೆಮ್ಮದಿಯಿಂದ ಕೆಲಸ ಮಾಡಬೇಕೆಂದರೂ ಒಂದು ವ್ಯವಸ್ಥೆ ಬೇಕು.

ಮೊದಲು ಕಾನೂನಿನ ಮಾತು. ಇದನ್ನು ನಾನು ಹೊಸದಾಗಿ ಕೇಳುತ್ತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಗೆ 2020ರಲ್ಲಿ ಹೊಸ ನಿಯಮಗಳು ಬಂದವು. ಅದರ 3ನೇ ನಿಯಮದಲ್ಲಿ ಶಾಲೆ, ಶಿಶುವಿಹಾರಗಳ ಜೊತೆಗೆ ಕ್ರೀಡಾ ಅಕಾಡೆಮಿಗಳ ಹೆಸರನ್ನೂ ಬಿಡಿಸಿ ಬರೆದಿದ್ದಾರೆ. ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಬೇಕು. ಕಾಯಂ ನೌಕರ ಇರಲಿ, ಗುತ್ತಿಗೆಯವನಿರಲಿ, ಕಲಿಸುವವನಿರಲಿ, ಸಾಮಾನು ಕಾಯುವವನಿರಲಿ. ಅದೂ ಒಮ್ಮೆ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ, ಆಗಾಗ ಆಗಬೇಕು. ಮಕ್ಕಳ ಸುರಕ್ಷತೆಯ ಬಗ್ಗೆ ಅವರಿಗೆ ತರಬೇತಿಯನ್ನೂ ಕೊಡಬೇಕು. ಇಷ್ಟೂ ಆ ನಿಯಮದಲ್ಲಿದೆ.

ನಮ್ಮ ಅವಳಿ ನಗರದ ಎಷ್ಟು ಕಡೆ ಇದು ಆಗಿದೆ? ನಾನು ಕೇಳಿದ ಕಡೆಯಲ್ಲೆಲ್ಲ ಬಂದ ಉತ್ತರ ಒಂದೇ: "ಅದೇನ ಅಂತ ಗೊತ್ತಿಲ್ರೀ ಅಕ್ಕಾರ, ನಮ್ಗ ಯಾರೂ ಕೇಳಿಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅವರನ್ನು ಯಾರೂ ಕೇಳಿಲ್ಲ.

ಶಾಲೆಯ ಕೋಣೆಯೊಳಗೆ ಮಗುವಿಗೆ ಹೊಡೆಯಬಾರದು ಅಂತ ಈಗ ಎಲ್ಲರಿಗೂ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಅದೇ ಮಗು ಸಂಜೆ ಐದಕ್ಕೆ ಮೈದಾನಕ್ಕೆ ಬಂದರೆ ಲೆಕ್ಕವೇ ಬೇರೆ ಅನ್ನುವಂತೆ ನಡೆದುಕೊಳ್ಳುತ್ತೇವೆ. ಹೋದ ವರ್ಷ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಊರು, ಅಕಾಡೆಮಿ, ಹೆಸರು ಬೇಡ. ಹನ್ನೊಂದು ವರ್ಷದ ಹುಡುಗ, ಡಿಫೆನ್ಸ್‌ನಲ್ಲಿ ಆಡುತ್ತಿದ್ದ. ಗೋಲಿನ ಮುಂದೆ ಅಡ್ಡ ಪಾಸ್ ಕೊಟ್ಟ, ಎದುರಿನವರು ಕಸಿದುಕೊಂಡು ಗೋಲು ಹೊಡೆದರು. ಕೋಚ್ ವಿಸಲ್ ಊದಿ ಆಟ ನಿಲ್ಲಿಸಿದರು. ಕೊರಳಿನ ವಿಸಲ್ ತೆಗೆದು ಅದರ ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡರು. ಹುಡುಗನಿಗೆ ಏನು ಬರುತ್ತದೆ ಅಂತ ಗೊತ್ತಿತ್ತು. ತಾನೇ ಸಾಕ್ಸ್ ಕೆಳಗೆ ಜಾರಿಸಿ, ಮೀನಖಂಡ ತೋರಿಸಿ ನಿಂತ. ನನ್ನ ಹೊಟ್ಟೆಯಲ್ಲಿ ಸಂಕಟವಾದದ್ದು ಹೊಡೆತಕ್ಕಿಂತ ಜಾಸ್ತಿ ಅವನು ಹಾಗೆ ಸಾಕ್ಸ್ ಜಾರಿಸಿದ್ದಕ್ಕೆ. ಅದು ಅವನಿಗೆ ರೂಢಿಯಾಗಿತ್ತು. ಉಳಿದ ಹುಡುಗರು ಬೂಟಿನ ಲೇಸ್ ಕಟ್ಟಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದರು.

ನಾನು ಎದ್ದು ಹೋಗಿ ಕೇಳಿದೆ. "ನಿಮ್ಮ ಮಗನ್ನ ಏನ ಹೊಡದಿಲ್ಲಲ್ರೀ" ಅಂದರು ಕೋಚ್. ಪಕ್ಕದಲ್ಲಿದ್ದ ಪಾಲಕರೊಬ್ಬರು, "ಹೊಡೀಲಿ ಬಿಡ್ರಿ, ಮನ್ಯಾಗ ಯಾರ ಮಾತೂ ಕೇಳೂದಿಲ್ಲ, ಇಲ್ಲರೆ ಸುದ್ದ ಆಗ್ಲಿ" ಅಂದರು. ಮುಂದಿನ ಎರಡು ಮ್ಯಾಚಿಗೆ ನನ್ನ ಮಗನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿಂದ ಅವನನ್ನು ಬಿಡಿಸಿದೆ. ಆದರೆ ಸಾಕ್ಸ್ ಜಾರಿಸಿದ ಆ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಅವನಿಗೆ ಹೋಗಲು ಬೇರೆ ಕಡೆ ಇಲ್ಲ.

ಪಾಲಕರಿಗೂ ಇಲ್ಲಿ ಒಂದು ಮಾತು ಹೇಳಬೇಕು. "ಹೊಡೆದರೆ ಆಟ ಬರುತ್ತದೆ" ಅನ್ನುವುದನ್ನು ನಾವು ಬಿಡಬೇಕು. ಹೊಡೆತಕ್ಕೆ ಹೆದರಿದ ಹುಡುಗ ಚೆಂಡು ತನ್ನ ಹತ್ತಿರ ಬರದಿದ್ದರೆ ಸಾಕು ಅಂತ ಆಡುತ್ತಾನೆ. ಪಾಸ್ ಕೇಳುವುದಿಲ್ಲ, ಡ್ರಿಬಲ್ ಮಾಡಲು ನೋಡುವುದಿಲ್ಲ, ಬಂದ ಚೆಂಡನ್ನು ಕಣ್ಣುಮುಚ್ಚಿ ಹೊರಗೆ ಒದೆಯುತ್ತಾನೆ. ಕಟ್ಟೆಯ ಮೇಲೆ ಕೂತು ನೋಡಿದರೆ ಯಾರಿಗಾದರೂ ಕಾಣುತ್ತದೆ. ಇನ್ನು ಕಾನೂನು ಹೇಳುವುದಾದರೆ, 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಕೋಚ್‌ಗೂ ಅನ್ವಯಿಸುತ್ತದೆ. ಮಗು ಯಾರ ಉಸ್ತುವಾರಿಯಲ್ಲಿದೆಯೋ ಅವರೇ ಅದನ್ನು ಹಿಂಸಿಸಿದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ.

ಹೊಡೆತ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೂ ಇದೆ, ಅದನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಲೇಬೇಕು.

2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಮಾಜಿ ಆಟಗಾರ ಆಂಡಿ ವುಡ್‌ವರ್ಡ್ ಪತ್ರಿಕೆಯೊಂದರ ಮುಂದೆ ಬಾಯಿಬಿಟ್ಟರು. ಚಿಕ್ಕ ವಯಸ್ಸಿನಲ್ಲಿ ತನ್ನ ಕೋಚ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದನ್ನು ಹೆಸರು ಮುಚ್ಚಿಡದೆ ಹೇಳಿದರು. ಅವರ ಹಿಂದೆ ನೂರಾರು ಜನ ಮುಂದೆ ಬಂದರು. ಆ ದೇಶದ ಫುಟ್ಬಾಲ್ ಸಂಸ್ಥೆ ಮಾಡಿಸಿದ ಸ್ವತಂತ್ರ ತನಿಖೆಯ ವರದಿ 2021ರ ಮಾರ್ಚ್‌ನಲ್ಲಿ ಹೊರಬಂತು. 1970ರಿಂದ 2005ರವರೆಗಿನ ಲೆಕ್ಕದಲ್ಲಿ 692 ಸಂತ್ರಸ್ತರು, 240 ಶಂಕಿತರು. ಅಷ್ಟು ದೊಡ್ಡ ಲೀಗ್, ಅಷ್ಟು ದುಡ್ಡು, ಅಷ್ಟು ಪತ್ರಿಕೆಗಳಿದ್ದ ದೇಶದಲ್ಲಿ ಈ ಮಕ್ಕಳು ದಶಕಗಳ ಕಾಲ ಯಾರಿಗೂ ಹೇಳಲಾಗಲಿಲ್ಲ. ಕೋಚ್ ಒಲಿದರೆ ಸೆಲೆಕ್ಷನ್, ಮುನಿದರೆ ಮನೆ. ಮಗು ಏನು ತಾನೇ ಹೇಳೀತು?

ನಮ್ಮಲ್ಲಿ ಹಾಗಿಲ್ಲ ಅನ್ನಬೇಡಿ. 2022ರ ಬೇಸಿಗೆಯಲ್ಲಿ ನಮ್ಮ ದೇಶದ 17 ವರ್ಷದೊಳಗಿನ ಹುಡುಗಿಯರ ತಂಡ ಯುರೋಪ್ ಪ್ರವಾಸದಲ್ಲಿತ್ತು. ನಮ್ಮ ದೇಶದಲ್ಲೇ ವಿಶ್ವಕಪ್ ನಡೆಯುವುದಿತ್ತು, ಅದರ ತಯಾರಿ. ನಾರ್ವೆಯಲ್ಲಿದ್ದಾಗ ಸಹಾಯಕ ಕೋಚ್ ಮೇಲೆ ದುರ್ವರ್ತನೆಯ ಆರೋಪ ಬಂತು. ಅವರನ್ನು ವಾಪಸ್ ಕರೆಸಿ, ಕೆಲಸದಿಂದ ತೆಗೆದರು. ದೇಶದ ತಂಡದಲ್ಲಿ, ಅಷ್ಟು ಸಿಬ್ಬಂದಿಯ ನಡುವೆ ಹೀಗಾಗುವುದಾದರೆ, ಒಬ್ಬರೇ ಕೋಚ್ ಇರುವ, ಬೇರೆ ದೊಡ್ಡವರೇ ಇಲ್ಲದ ತಾಲ್ಲೂಕು ಮಟ್ಟದ ಕ್ಯಾಂಪಿನಲ್ಲಿ ಮಗುವಿಗೆ ಯಾರಿದ್ದಾರೆ?

ಇಂಗ್ಲೆಂಡಿನ ವ್ಯವಸ್ಥೆ ಸರಳ. ಅಲ್ಲಿ ಈಗ ಮಕ್ಕಳ ತಂಡ ಇರುವ ಪ್ರತಿ ಕ್ಲಬ್ಬಿನಲ್ಲೂ ಮಕ್ಕಳ ಹಿತ ನೋಡಿಕೊಳ್ಳುವ ಒಬ್ಬರು ಇರಲೇಬೇಕು. ಸಣ್ಣ ಓಣಿಯ ಕ್ಲಬ್ಬಾದರೂ ಅಷ್ಟೇ. ಜಗತ್ತಿನ ಫುಟ್ಬಾಲ್ ನಡೆಸುವ ಸಂಸ್ಥೆ ಫಿಫಾ ಕೂಡ 2019ರಲ್ಲಿ ತನ್ನ 211 ಸದಸ್ಯ ಸಂಸ್ಥೆಗಳಿಗೆ ಮಕ್ಕಳ ರಕ್ಷಣೆಯ ಮಾರ್ಗಸೂಚಿ ಕೊಟ್ಟಿತು. ಅದು ನಮ್ಮ ರಾಷ್ಟ್ರೀಯ ಸಂಸ್ಥೆಗೂ ಬಂದಿದೆ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ನಮ್ಮ ಮೈದಾನಕ್ಕೆ ಇಳಿಯಬೇಕು. ಆ ಕೊನೆಯ ಮೆಟ್ಟಿಲು ನಿಮ್ಮ ಕೈಯಲ್ಲಿದೆ.

ಮಗಳ ತಾಯಿಯಾಗಿ ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಟೂರ್ನಿಗೆ ಹುಡುಗಿಯರ ತಂಡ ಕರೆಯುತ್ತಾರೆ, ಬಟ್ಟೆ ಬದಲಿಸಲು ಜಾಗ ಇರುವುದಿಲ್ಲ. ಎರಡು ದುಪಟ್ಟಾ ಅಡ್ಡ ಹಿಡಿದು ನಾವು ತಾಯಂದಿರೇ ಗೋಡೆಯಾಗಿ ನಿಲ್ಲುತ್ತೇವೆ. ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರ ಹತ್ತಿರ ಇದೆಯೋ ಗೊತ್ತಿರುವುದಿಲ್ಲ. ಮುಟ್ಟಿನ ದಿನ ಹುಡುಗಿ "ಸರ್, ಇವತ್ತು ಆಗೂದಿಲ್ಲ" ಅಂದರೆ, ಯಾಕೆ ಅಂತ ಎಲ್ಲರ ಮುಂದೆ ಕೇಳುತ್ತಾರೆ. ಹೊರಊರಿಗೆ ಹೋಗುವಾಗ ಜೊತೆಯಲ್ಲಿ ಒಬ್ಬ ಹೆಣ್ಣುಮಗಳೂ ಇರುವುದಿಲ್ಲ. ಕೆಲವು ಕೋಚ್‌ಗಳು ರಾತ್ರಿ ಹತ್ತು, ಹನ್ನೊಂದಕ್ಕೆ ಮಕ್ಕಳ ಮೊಬೈಲಿಗೆ ನೇರ ಮೆಸೇಜ್ ಹಾಕುತ್ತಾರೆ. ಆಟದ ವಿಷಯವೇ ಇರಬಹುದು, ಆದರೂ ಬೇಡ. ಮಾತಾಡುವುದಿದ್ದರೆ ಪಾಲಕರ ಗ್ರೂಪಿನಲ್ಲಿ ಹಾಕಲಿ. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲೋ, ಬೈಕಿನಲ್ಲೋ, ಹೊರಊರಿನ ಲಾಡ್ಜಿನಲ್ಲೋ ಇರಬಾರದು. ಇದು ಯಾರ ಮೇಲೂ ಸಂಶಯದ ಮಾತಲ್ಲ. ಒಳ್ಳೆಯ ಕೋಚ್‌ನ ಮರ್ಯಾದೆಯನ್ನೂ ಇದೇ ನಿಯಮ ಕಾಪಾಡುತ್ತದೆ.

ದೌರ್ಜನ್ಯದ ವಿಷಯ ತಿಳಿದೂ ಸುಮ್ಮನಿರುವುದು ಅಪರಾಧ ಅಂತ ಬಹಳ ಜನರಿಗೆ ಗೊತ್ತಿಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ಹೇಳಲೇಬೇಕು. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ. ಮಗುವಿನ ಗುರುತು ಎಲ್ಲೂ ಹೊರಗೆ ಬರುವಂತಿಲ್ಲ. "ಅಕಾಡೆಮಿ ಹೆಸರು ಕೆಡುತ್ತದೆ, ಒಳಗೇ ಬಗೆಹರಿಸೋಣ" ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಆ ನಂಬರನ್ನು ಪ್ರತಿ ಮೈದಾನದ ಗೇಟಿನಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ, ದೊಡ್ಡ ಅಕ್ಷರದಲ್ಲಿ ಬರೆಸಲು ಎಷ್ಟು ಖರ್ಚಾದೀತು?

ಈಗ ಇನ್ನೊಂದು ವಿಷಯ. ಇದರ ಬಗ್ಗೆ ಪೇಪರಿನಲ್ಲಿ ಬರುವುದಿಲ್ಲ, ಆದರೆ ಕಟ್ಟೆಯ ಮೇಲೆ ಕೂತ ಪಾಲಕರು ಜಾಸ್ತಿ ಮಾತಾಡುವುದು ಇದನ್ನೇ. ಎನ್‌ಒಸಿ, ಅಂದರೆ ಮಗು ಬೇರೆ ಕಡೆ ಹೋಗಲು ನಮ್ಮ ಅಭ್ಯಂತರ ಇಲ್ಲ ಅಂತ ಹಳೆಯ ಅಕಾಡೆಮಿ ಕೊಡುವ ಪತ್ರ.

ಒಂದು ಮಗು ಒಂದು ಅಕಾಡೆಮಿ ಬಿಟ್ಟು ಇನ್ನೊಂದಕ್ಕೆ ಹೋಗಬೇಕು ಅಂದುಕೊಳ್ಳಿ. ಮನೆ ಬದಲಾಗಿರುತ್ತದೆ, ಫೀ ಕಟ್ಟಲು ಆಗುವುದಿಲ್ಲ, ಅಥವಾ ಅಲ್ಲಿ ಮನಸ್ಸಿಲ್ಲ. ಆಗ ಹಳೆಯ ಕಡೆಯವರು ಎನ್‌ಒಸಿ ಕೊಡುವುದಿಲ್ಲ. "ಇಷ್ಟು ದಿನ ಕಲಿಸೇವಿ, ಅದರ ಖರ್ಚು ಯಾರ ಕೊಡ್ತಾರ?" ಅಂತ ಕೇಳುತ್ತಾರೆ. ಟೂರ್ನಿಗೆ ಬೇಕು ಅಂತ ತೆಗೆದುಕೊಂಡ ಮಗುವಿನ ಮೂಲ ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್ ವಾಪಸ್ ಬರುವುದಿಲ್ಲ. ಕೆಲವರು ಸೇರಿಸಿಕೊಳ್ಳುವಾಗಲೇ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ: ಇಂತಿಷ್ಟು ವರ್ಷ ಬೇರೆ ಕಡೆ ಆಡುವಂತಿಲ್ಲ, ಆಡಿದರೆ ಇಂತಿಷ್ಟು ದಂಡ. ಬಾಂಡ್ ಪೇಪರ್ ಅಂದಕೂಡಲೇ ನಮ್ಮಂಥವರು ಹೆದರುತ್ತೇವೆ. ಹೊಲ, ಮನೆ ವ್ಯವಹಾರದಲ್ಲಿ ಅದನ್ನು ನೋಡಿದವರು ನಾವು.

ಹೆದರಬೇಡಿ. 18 ತುಂಬದ ಮಗು ಕರಾರು ಮಾಡಿಕೊಳ್ಳುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನಲ್ಲಿ ಇದಿದೆ. ಅಂಥ ಕರಾರಿಗೆ ಬೆಲೆಯೇ ಇಲ್ಲ ಅಂತ 1903ರಲ್ಲೇ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ. ಹನ್ನೆರಡು ವರ್ಷದ ಹುಡುಗನ ಸಹಿ ಇರುವ ಆ ಕಾಗದ ತೋರಿಸಿ ಯಾರಾದರೂ ಹೆದರಿಸಿದರೆ, ಕೋರ್ಟಿಗೆ ಹೋಗಿ ಅನ್ನಿ.

ಕ್ಲಬ್ಬುಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಕಲಿಸಿದ ಹುಡುಗನನ್ನು ಬೆಂಗಳೂರಿನವರು ಬಂದು ಕರೆದುಕೊಂಡು ಹೋದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಅದಕ್ಕೆ ಮಗುವನ್ನು ಹಿಡಿದಿಡುವುದು ದಾರಿಯಲ್ಲ. ಫಿಫಾ ಇದಕ್ಕೆ ಬೇರೆ ದಾರಿ ಮಾಡಿದೆ. ಆಟಗಾರ ಮುಂದೆ ದೇಶದಿಂದ ದೇಶಕ್ಕೆ ವರ್ಗಾವಣೆಯಾಗಿ ಹಣ ಕೈಬದಲಾದರೆ, ಅದರ 5%ವನ್ನು 12ರಿಂದ 23ನೇ ವಯಸ್ಸಿನವರೆಗೆ ಅವನಿಗೆ ಕಲಿಸಿದ ಕ್ಲಬ್ಬುಗಳಿಗೆ ಹಂಚಬೇಕು. ಹುಬ್ಬಳ್ಳಿಯ ಸಣ್ಣ ಕ್ಲಬ್ಬಿಗೂ ಆ ಪಾಲು ಸಿಗಬಹುದು, ಆದರೆ ಹುಡುಗನ ಹೆಸರು ಅಲ್ಲಿ ಸರಿಯಾಗಿ ನೋಂದಣಿಯಾಗಿರಬೇಕು. ಹಾಗಾಗಿ ನೋಂದಣಿ ಮಾಡಿ, ದಾಖಲೆ ಇಡಿ. ಎನ್‌ಒಸಿ ಅರ್ಜಿಗೆ ಇಂತಿಷ್ಟು ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ ಅಂತ ಜಿಲ್ಲೆಯಲ್ಲಿ ಒಂದು ನಿಯಮ ಮಾಡಿ. ಮಗುವಿನ ಮೂಲ ದಾಖಲೆ ಒಂದು ದಿನವೂ ಯಾರ ಹತ್ತಿರವೂ ಉಳಿಯಬಾರದು. ನೋಡಿ, ಜೆರಾಕ್ಸ್ ಇಟ್ಟುಕೊಂಡು, ಅಲ್ಲೇ ವಾಪಸ್ ಕೊಡಬೇಕು.

ಇದೇ ಸಾಲಿನಲ್ಲಿ ಟ್ರಯಲ್ಸ್, ಅಂದರೆ ಆಯ್ಕೆ ಪರೀಕ್ಷೆಯ ವ್ಯಾಪಾರವೂ ಬರುತ್ತದೆ. ಹಾವೇರಿ, ಗದಗ ಕಡೆಯ ಹಳ್ಳಿಗಳಿಂದ ಪಾಲಕರು ಸಾಲ ಮಾಡಿ ಮಕ್ಕಳನ್ನು ಕರೆತರುತ್ತಾರೆ. "ಫಾರಿನ್ ಕ್ಲಬ್ಬಿಗೆ ಸೆಲೆಕ್ಷನ್" ಅಂತ ಬ್ಯಾನರ್ ಇರುತ್ತದೆ. ಫಿಫಾದ 19ನೇ ನಿಯಮದ ಪ್ರಕಾರ, ಕೆಲವೇ ವಿನಾಯಿತಿ ಬಿಟ್ಟರೆ, 18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಸೇರಿಸುವಂತಿಲ್ಲ. ಈ ನಿಯಮ ಮುರಿದದ್ದಕ್ಕೆ ಸ್ಪೇನಿನ ಬಾರ್ಸಿಲೋನಾದಂಥ ದೊಡ್ಡ ಕ್ಲಬ್ಬಿಗೇ 2014ರಲ್ಲಿ ಶಿಕ್ಷೆಯಾಯಿತು, ಎರಡು ವರ್ಗಾವಣೆ ಅವಧಿಗೆ ಹೊಸ ಆಟಗಾರರನ್ನು ತೆಗೆದುಕೊಳ್ಳದಂತೆ ತಡೆದರು. ಹಾಗಿದ್ದಾಗ ನಮ್ಮ ಹದಿಮೂರರ ಹುಡುಗನನ್ನು ಸ್ಪೇನಿಗೆ ಕಳಿಸುತ್ತೇವೆ ಅಂತ ದುಡ್ಡು ಕೇಳುವವರನ್ನು ಹೇಗೆ ನಂಬುವುದು? ಅಂಥ ಬ್ಯಾನರಿಗೆ ಸರ್ಕಾರಿ ಮೈದಾನದಲ್ಲಿ ಜಾಗ ಯಾಕೆ ಸಿಗಬೇಕು?

ವಯಸ್ಸಿನ ಮೋಸದ ಬಗ್ಗೆ ಎಲ್ಲರಿಗೂ ಗೊತ್ತು. ಹದಿನಾರರವನನ್ನು ಹದಿಮೂರರ ಟೂರ್ನಿಯಲ್ಲಿ ಆಡಿಸುತ್ತಾರೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಟಿಡಬ್ಲ್ಯೂ3 ಪರೀಕ್ಷೆ ನಮ್ಮ ದೇಶದಲ್ಲಿ ಇದೆ. ಫಿಫಾ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್ಪಿಗೆ ಎಂಆರ್‌ಐ ಮಾಡಿಸುತ್ತಿದೆ. ಸಿಕ್ಕಿಬಿದ್ದರೆ ನಿಷೇಧ ಆಗುವುದು ಮಗುವಿಗೆ. ಆದರೆ ಜನ್ಮದಿನಾಂಕ ತಿದ್ದಿದ್ದು ಮಗುವಲ್ಲ. "ಯಾರಾದ್ರೂ ಕೇಳಿದ್ರ ಏಳನೇ ಕ್ಲಾಸ್ ಅನ್ನು" ಅಂತ ಹೇಳಿಕೊಟ್ಟವರು ದೊಡ್ಡವರು. ಶಿಕ್ಷೆ ಮೊದಲು ತಿದ್ದಿದವರಿಗೆ, ತಿದ್ದಿಸಿದವರಿಗೆ ಆಗಲಿ.

ಇನ್ನು ಸಣ್ಣವು ಅನಿಸಿದರೂ ಪ್ರಾಣಕ್ಕೆ ಬರುವ ವಿಷಯಗಳು. ನೆಲಕ್ಕೆ ಕಟ್ಟದ ಕಬ್ಬಿಣದ ಗೋಲ್‌ಪೋಸ್ಟ್ ಮೈಮೇಲೆ ಬಿದ್ದು ಮಕ್ಕಳು ಸತ್ತ ಘಟನೆಗಳು ಜಗತ್ತಿನ ಹಲವು ಕಡೆ ಆಗಿವೆ. ನಮ್ಮಲ್ಲಿ ಹುಡುಗರು ಅದಕ್ಕೆ ಜೋತುಬಿದ್ದು ಆಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಒಂದಕ್ಕೆ ಮಕ್ಕಳ ಮ್ಯಾಚ್ ಇಡುತ್ತಾರೆ, ಸಂಜೆಯ ತಂಪು ದೊಡ್ಡವರ ಫೈನಲ್‌ಗೆ. ಅದನ್ನು ತಿರುಗಿಸಿ ಇಡಿ. ತಲೆಗೆ ಪೆಟ್ಟು ಬಿದ್ದ ಮಗುವಿಗೆ ನೀರು ಚಿಮುಕಿಸಿ ಮತ್ತೆ ಆಡಿಸಬೇಡಿ. 2020ರಲ್ಲೇ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಪ್ರೈಮರಿ ಮಕ್ಕಳಿಗೆ ಪ್ರಾಕ್ಟೀಸ್‌ನಲ್ಲಿ ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಮಾಡಿಸುವುದು ಬೇಡ ಅಂದಿದ್ದಾರೆ. ಮತ್ತೆ, ದಯವಿಟ್ಟು, ಮಕ್ಕಳನ್ನು ಟಾಟಾ ಏಸ್‌ನ ಹಿಂದೆ ನಿಲ್ಲಿಸಿಕೊಂಡು ಬೇರೆ ಊರಿನ ಟೂರ್ನಿಗೆ ಕರೆದೊಯ್ಯಬೇಡಿ. ಅದು ಸಾಮಾನು ಸಾಗಿಸುವ ಗಾಡಿ.

ಇಷ್ಟೆಲ್ಲ ಯಾಕೆ ಸರಿಹೋಗುತ್ತಿಲ್ಲ? ನನ್ನ ಪ್ರಕಾರ ಮೂಲ ಆಡಳಿತದಲ್ಲಿದೆ. ಸಣ್ಣ ಊರಿನ ಫುಟ್ಬಾಲ್‌ನಲ್ಲಿ ಅಕಾಡೆಮಿ ನಡೆಸುವವರು, ಟೂರ್ನಿ ನಡೆಸುವವರು, ತಂಡ ಆರಿಸುವವರು, ಸಂಘದ ಪದಾಧಿಕಾರಿಗಳು ಬಹಳ ಸಲ ಒಬ್ಬರೇ ಆಗಿರುತ್ತಾರೆ, ಇಲ್ಲವೇ ಒಂದೇ ಗುಂಪಿನವರು. ಆಟದ ಮೇಲಿನ ಪ್ರೀತಿಯಿಂದಲೇ ಎಲ್ಲ ಕೆಲಸವನ್ನೂ ಹೊತ್ತುಕೊಂಡಿರುತ್ತಾರೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ತಂಡ ಆರಿಸುವವರ ಅಕಾಡೆಮಿಯಲ್ಲೇ ಮಗು ಫೀ ಕಟ್ಟಿದರೆ ಸೆಲೆಕ್ಷನ್, ಇಲ್ಲದಿದ್ದರೆ ಇಲ್ಲ ಅನ್ನುವ ಮಾತು ಹುಟ್ಟಿಯೇ ಹುಟ್ಟುತ್ತದೆ. ದೂರು ಕೊಡಬೇಕಾದದ್ದೂ ಅವರ ಹತ್ತಿರವೇ ಆದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ. ಅದಕ್ಕೇ ದೂರು ಕೇಳುವವರು ಆಟದ ಹೊರಗಿನವರಾಗಿರಬೇಕು.

ದೊಡ್ಡವರ ಆಡಳಿತ ಕೆಟ್ಟರೆ ಪೆಟ್ಟು ಬೀಳುವುದು ಆಡುವವರಿಗೆ. 2022ರ ಆಗಸ್ಟ್ 15ರಂದು ಫಿಫಾ ನಮ್ಮ ಅಖಿಲ ಭಾರತ ಫುಟ್ಬಾಲ್ ಸಂಸ್ಥೆಯನ್ನು ಅಮಾನತು ಮಾಡಿತು. ಚುನಾವಣೆ ವರ್ಷಗಟ್ಟಲೆ ಆಗದೆ, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅಷ್ಟರಲ್ಲಿ ಗೋಕುಲಂ ಕೇರಳ ಕ್ಲಬ್ಬಿನ ಹೆಣ್ಣುಮಕ್ಕಳು ಏಷ್ಯಾ ಟೂರ್ನಿ ಆಡಲು ತಾಷ್ಕೆಂಟ್ ತಲುಪಿಯಾಗಿತ್ತು. ಆಡದೇ ವಾಪಸ್ ಬಂದರು. ಅಕ್ಟೋಬರ್‌ನ ಹುಡುಗಿಯರ ವಿಶ್ವಕಪ್ಪೇ ಕೈತಪ್ಪುವ ಹಾಗಾಗಿತ್ತು. 26ಕ್ಕೆ ಅಮಾನತು ತೆಗೆದದ್ದರಿಂದ ಉಳಿಯಿತು. ಕುರ್ಚಿಯ ಜಗಳದಲ್ಲಿ ಆ ಹೆಣ್ಣುಮಕ್ಕಳ ಪಾತ್ರ ಏನಿತ್ತು?

2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ. ರಾಷ್ಟ್ರ ಮಟ್ಟದ ಸಂಸ್ಥೆಗಳಿಗೆ ಮಹಿಳೆಯರ ಮತ್ತು ಅಪ್ರಾಪ್ತ ಆಟಗಾರರ ಸುರಕ್ಷತೆಯ ನೀತಿ, ದೂರು ಕೇಳುವ ವ್ಯವಸ್ಥೆ, ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ 4 ಮಹಿಳೆಯರು ಇರಬೇಕು ಅಂತ ಅದು ಹೇಳುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಫುಟ್ಬಾಲ್ ಸಂಸ್ಥೆಯ ಹೊಸ ಸಂವಿಧಾನಕ್ಕೂ ಒಪ್ಪಿಗೆ ಕೊಟ್ಟಿತು. ಮೇಲೆ ದಾರಿ ಸರಿಯಾಗುತ್ತಿದೆ. ಜಿಲ್ಲೆಯಲ್ಲಿ ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಇಲ್ಲಿನ ಸಂಘ, ಕ್ಲಬ್ಬುಗಳಲ್ಲಿ ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತವೆ. ಪದಾಧಿಕಾರಿಗಳ ಪಟ್ಟಿ, ಜಮಾ-ಖರ್ಚು ಪ್ರತಿ ವರ್ಷ ಕೊಡಲೇಬೇಕು. ಕೊಟ್ಟ ಅದೇ ಕಾಗದದ ಒಂದು ಪ್ರತಿ ಮೈದಾನದ ಬೋರ್ಡಿಗೂ ಬರಲಿ. ಎಂಟ್ರಿ ಫೀ ಎಷ್ಟು ಬಂತು, ಪ್ರಾಯೋಜಕರು ಎಷ್ಟು ಕೊಟ್ಟರು, ಮಕ್ಕಳ ಊಟಕ್ಕೆ ಎಷ್ಟು ಹೋಯಿತು ಅಂತ ಎಲ್ಲರೂ ನೋಡಲಿ.

ಇನ್ನು ನೇರವಾಗಿ ನಿಮ್ಮಿಂದ ಏನು ಬೇಕು ಅಂತ ಹೇಳುತ್ತೇನೆ.

ಆಯುಕ್ತರೇ, ಕ್ರೀಡಾ ಇಲಾಖೆಯವರೇ, ಮೈದಾನದ ಅರ್ಜಿಗೆ ಒಂದು ಪುಟ ಸೇರಿಸಿ. ಕೋಚ್‌ಗಳ ಹೆಸರು, ಅವರ ಪೊಲೀಸ್ ಪರಿಶೀಲನಾ ಪತ್ರ, ಮಕ್ಕಳ ದೂರು ಕೇಳುವವರ ಹೆಸರು ಮತ್ತು ಫೋನ್ ನಂಬರು, ಪ್ರಥಮ ಚಿಕಿತ್ಸೆ ಬಲ್ಲವರ ಹೆಸರು, ಹುಡುಗಿಯರಿಗೆ ಬಟ್ಟೆ ಬದಲಿಸುವ ಜಾಗ. ಪೊಲೀಸ್ ಪರಿಶೀಲನೆಗೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಬಡ ಕೋಚ್‌ಗೆ ಇದೊಂದು ಹೊಸ ಹೊರೆ ಆಗದಂತೆ, ಬೇಕಾದರೆ ಇಲಾಖೆಯೇ ಒಂದು ದಿನ ಕ್ಯಾಂಪ್ ಹಾಕಿ ಎಲ್ಲರದನ್ನೂ ಮಾಡಿಸಲಿ.

ಜಿಲ್ಲಾಧಿಕಾರಿಗಳೇ, ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನಿಮ್ಮ ಜಿಲ್ಲೆಯಲ್ಲೇ ಇವೆ. ಅವರನ್ನು ಶಾಲೆ, ಹಾಸ್ಟೆಲ್‌ಗಳ ಜೊತೆಗೆ ಮೈದಾನಕ್ಕೂ ಕಳಿಸಿ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಶಾಲೆಗೆ ಬಸ್ಸಿಲ್ಲ, ಶೌಚಾಲಯಕ್ಕೆ ನೀರಿಲ್ಲ ಅಂತ ಮಕ್ಕಳು ಎದ್ದು ನಿಂತು ಅಧಿಕಾರಿಗಳನ್ನು ಕೇಳುತ್ತಾರೆ. ಹಳ್ಳಿಯ ಮಗು ಪಂಚಾಯಿತಿ ಅಧ್ಯಕ್ಷರನ್ನು ಕೇಳಬಹುದಾದರೆ, ಆಡುವ ಮಗು ತನ್ನ ಸಂಘದವರನ್ನು ಯಾಕೆ ಕೇಳಬಾರದು? ವರ್ಷಕ್ಕೆ ಒಮ್ಮೆಯಾದರೂ ಆಟಗಾರ ಮಕ್ಕಳ ಸಭೆ ಕರೆಯಿರಿ. ಕೋಚ್‌ಗಳು ಹೊರಗೆ ಕೂರಲಿ.

ಕೋಚ್ ಬಂಧುಗಳೇ, ಸಂಘಟಕರೇ, ನಿಮ್ಮಲ್ಲಿ ಬಹಳ ಜನ ಇದನ್ನು ಬೇಡ ಅನ್ನುವವರಲ್ಲ ಅಂತ ನನಗೆ ಗೊತ್ತು. ಸರ್ಕಾರ ಹೇಳುವ ಮುಂಚೆಯೇ ನೀವಾಗಿ ನಾಲ್ಕು ಸಾಲಿನ ನಿಯಮ ಬರೆದು ಬೋರ್ಡಿಗೆ ಹಾಕಿ. ಪಾಲಕರು ಮೊದಲು ಆ ಬೋರ್ಡ್ ನೋಡಿ ಆಮೇಲೆ ಮಕ್ಕಳನ್ನು ಸೇರಿಸುತ್ತಾರೆ.

ಸಭೆ ಕರೆಯುವುದಾದರೆ ಒಂದೇ ವಿನಂತಿ. ಕಚೇರಿ ವೇಳೆಯಲ್ಲಿ ಹನ್ನೊಂದು ಗಂಟೆಗೆ ಇಡಬೇಡಿ, ಮಕ್ಕಳು ಆಗ ಶಾಲೆಯಲ್ಲಿರುತ್ತಾರೆ, ನಮ್ಮಲ್ಲಿ ಬಹಳ ಜನ ಕೂಲಿಗೆ, ಕೆಲಸಕ್ಕೆ ಹೋಗಿರುತ್ತೇವೆ. ಭಾನುವಾರ ಬೆಳಗ್ಗೆ ಪ್ರಾಕ್ಟೀಸ್ ಮುಗಿದ ಮೇಲೆ ಇಡಿ. ನೆಹರೂ ಮೈದಾನವಾದರೂ ಸರಿ, ಧಾರವಾಡದ ಆರ್.ಎನ್. ಶೆಟ್ಟಿ ಸ್ಟೇಡಿಯಂ ಆದರೂ ಸರಿ. ಗದಗ, ಹಾವೇರಿಯ ಪಾಲಕರಿಗೂ ಹೇಳಿ ಕಳಿಸುತ್ತೇವೆ. ಮಕ್ಕಳನ್ನು ಕರೆದುಕೊಂಡು ಬರುತ್ತೇವೆ, ಅವರು ಕೇಳಬೇಕಾದದ್ದನ್ನು ಅವರೇ ಕೇಳುತ್ತಾರೆ.

ಇಂತಿ ನಿಮ್ಮ,
ಫುಟ್ಬಾಲ್ ಆಡುವ ಇಬ್ಬರು ಮಕ್ಕಳ ತಾಯಿ
ಹುಬ್ಬಳ್ಳಿ